ಲಾಭ ಹೇಳಿಯೇ ಹೊಲ ಮಾರುತ್ತಿದ್ದ ಚಾಚಾ

ರೈತರಿಂದ ಹೊಲದ ಕರಾರು ಬರೆಸಿಕೊಂಡು ಬೇರೆಯವರಿಗೆ ಹೆಚ್ಚಿನ ಬೆಲೆಗೆ ದಾಟಿಸಿ, ನಡುವಿನ ಲಾಭ ಇಟ್ಟುಕೊಳ್ಳುವುದು ನಮ್ಮ ದಂಧೆ. ಇದಕ್ಕೆ ಇಳಿಯುವವರು ಕೇಳಿ: ಮಾರುವವರನ್ನೂ ಕೊಳ್ಳುವವರನ್ನೂ ಇಲ್ಲಿ ಯಾರೂ ಮುಖಾಮುಖಿ ಮಾಡಿಸುವುದಿಲ್ಲ. ನನಗೆ ದಂಧೆ ಕಲಿಸಿದ ಜೇವರ್ಗಿಯ ಚಾಚಾ ಮಾತ್ರ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಗಡ್ಡ ಸವರುತ್ತಾ, ತಮ್ಮ ಪಾಲೆಷ್ಟೆಂದು ಹೇಳಿಬಿಡುತ್ತಿದ್ದರು. "ಮುಚ್ಚಿಟ್ಟಿದ್ದು ನಾರ್ತದ ನೋಡ್ರಿ" ಎನ್ನುವುದು ಅವರ ಮಾತು.

ಒಮ್ಮೆ ಕಡಗಂಚಿಯಲ್ಲಿ ಚಾಚಾನ ಪಾಲೆಷ್ಟೆಂದು ಕೇಳಿ ಹೊಲದೊಡತಿ ಸಿಡಿದೆದ್ದಳು.

"ಹೊಲ ನಂದು. ನಿನಗ್ಯಾಕೋ ಮುದಕಾ ಇಷ್ಟು?"

"ಜಾಸ್ತಿ ಆತೇನ ಬೇ? ಈಗೇ ಜಗಳಾಡು, ನಾಳಿ ಊರಾಗ ಬೈಬ್ಯಾಡ."

ವ್ಯವಹಾರ ಮುರಿಯಿತೆಂದುಕೊಂಡೆ. ಆಕೆ ಜಗಳಾಡಿ, ಚಾಚಾನ ಪಾಲನ್ನು ಅರ್ಧಕ್ಕಿಳಿಸಿ ಒಪ್ಪಿದಳು.

ಅಂಗಳದಲ್ಲಿ ನಾನು ಗೊಣಗಿದೆ: "ಸುಮ್ಮನಿದ್ರ ಪೂರಾ ಸಿಗ್ತಿತ್ತಲ್ರಿ ಚಾಚಾ!"

ಹಿಂದೆಯೇ ಬಂದು ಅದನ್ನು ಕೇಳಿಸಿಕೊಂಡ ಆಕೆ ಅವರಿಗೆ ಹೇಳಿದಳು: "ಚಾಚಾ, ನಮ್ಮ ತಂಗೀದೂ ಹೊಲ ಮಾರೂದದ. ನೀವು ಬರ್ರಿ. ಇವನ್ನ ಕರಕೊಂಡು ಬರಬ್ಯಾಡ್ರಿ."