ಹಳೆಯ ಯಂತ್ರಗಳನ್ನು ಎಬ್ಬಿಸುವಾಕೆ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿರುವ ಈಕೆ, ಎಲ್ಲೋ ದೂರದಲ್ಲಿರುವ ಹಳೆಯ ಕಂಪ್ಯೂಟರೊಂದನ್ನು ಆಫ್ ಮಾಡಿ ಮತ್ತೆ ಚಾಲೂ ಮಾಡುತ್ತಾರೆ. ಅದು ಎದ್ದು ಬರುವವರೆಗೆ ಪರದೆಯಿಂದ ಕಣ್ಣು ಕೀಳುವುದಿಲ್ಲ. ಬಂದ ಮೇಲೆ, ಅದರ ಡಿಸ್ಕಿನಲ್ಲಿ ತಾವೇ ಇಟ್ಟಿದ್ದ ಕಡತ ಹಾಗೇ ಇದೆಯೇ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಾರೆ. ಇಂಥವು ನಲವತ್ತಾರು, ಒಂದೊಂದನ್ನೂ ಮೂರು ಸಲ. "ನಮ್ಮ ಸೊಸೆ ಲೋಕದ ಕಂಪ್ಯೂಟರುಗಳನ್ನೆಲ್ಲ ಎಬ್ಬಿಸ್ತಾಳೆ, ಗಂಡನ್ನ ಎಬ್ಬಿಸೋ ಕೆಲ್ಸ ಮಾತ್ರ ನಂಗೆ ಬಿಟ್ಟಿದ್ದಾಳೆ," ಎನ್ನುತ್ತ ಅತ್ತೆ ಟೀ ಲೋಟ ಇಟ್ಟು ಹೋಗುತ್ತಾರೆ.

ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ಸ್ಥಿರ ಆವೃತ್ತಿ ಎಂದರೆ ವರ್ಷಗಟ್ಟಲೆ ತಂಟೆ ತಕರಾರಿಲ್ಲದೆ ನಡೆಯಬೇಕಾದದ್ದು. ಅದರೊಳಕ್ಕೆ ಸಾಮಾನ್ಯವಾಗಿ ಹೊಸತೇನನ್ನೂ ಬಿಡುವುದಿಲ್ಲ, ದೋಷ ತಿದ್ದುವುದಷ್ಟೇ. ಒಂದು ಬಗೆಯ ತಂತ್ರಾಂಶಕ್ಕೆ ಮಾತ್ರ ವಿನಾಯಿತಿ. ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರಿನೊಳಗೆ ಕೂತು, ಬಾಡಿಗೆ ಕೊಟ್ಟ ಕಂಪನಿಯೊಂದಿಗೆ ಮಾತಾಡಿ, ಹೆಸರು, ಕೀಲಿ, ಡಿಸ್ಕುಗಳನ್ನು ಹೊಂದಿಸುವ ಪುಟ್ಟ ತಂತ್ರಾಂಶ ಅದು. ಮಾಲೀಕ ಬೀಗ ಬದಲಿಸಿದರೆ ಬಾಡಿಗೆದಾರನ ಕೀಲಿಯೂ ಬದಲಾಗಲೇಬೇಕಲ್ಲ! ಹೊಸದನ್ನು ಹಳೆಯ ಆವೃತ್ತಿಗೆ ಒಗ್ಗಿಸಿ, ಪರೀಕ್ಷಿಸಿ, ಏಳು ದಿನ ಕಾದು ಎಲ್ಲರಿಗೂ ಬಿಡುವುದು ಹದಿಮೂರು ವರ್ಷಗಳಿಂದ ಇವರ ಕೆಲಸ. "ಥ್ಯಾಂಕ್ಸ್ ಅಂತ ಇಷ್ಟು ವರ್ಷದಲ್ಲಿ ಎರಡು ಮೇಲ್ ಬಂದಿವೆ. ಅದ್ರಲ್ಲಿ ಒಂದು ನಮ್ಮೆಜಮಾನ್ರದ್ದು," ಎಂದು ನಗುತ್ತಾರೆ.

ಆ ನಗು ಮೂರು ವರ್ಷದ ಹಿಂದಿನ ಮಾತು ಬಂದರೆ ಇಳಿದುಹೋಗುತ್ತದೆ. ಆಗ ಹೊರಬಿಟ್ಟ ಹೊಸ ತಂತ್ರಾಂಶದ ಪರೀಕ್ಷೆಯೆಲ್ಲ ಅಂದಂದೇ ಸೃಷ್ಟಿಸಿದ ಹೊಸ ಯಂತ್ರಗಳ ಮೇಲೆ ನಡೆದಿತ್ತು. ಬಹುಕಾಲದಿಂದ ಓಡುತ್ತಿರುವ ಯಂತ್ರಕ್ಕೆ ಅದನ್ನು ಹಾಕಿ, ಆಫ್ ಮಾಡಿ ಎಬ್ಬಿಸಿದರೆ ಏನಾದೀತೆಂದು ಯಾರೂ ನೋಡಿರಲಿಲ್ಲ. ಕೆಲವು ಹಳೆಯ ಯಂತ್ರಗಳು ತಾವು ಹೊಚ್ಚ ಹೊಸವೆಂದೇ ತಿಳಿದು ಮಾಹಿತಿ ತುಂಬಿದ್ದ ಎರಡನೇ ಡಿಸ್ಕನ್ನು ಅಳಿಸಿ ಅಣಿಗೊಳಿಸಿಬಿಟ್ಟವು. "ಪರದೆ ತುಂಬಾ ಹಸಿರು ಗುರುತು. ಅದನ್ನ ನಂಬಿ ಕಣ್ಮುಚ್ಚಿ ಎಲ್ರಿಗೂ ಬಿಟ್ಟೆ. ಒಂದೇ ಒಂದು ಹಳೇದನ್ನ ನೋಡಿದ್ರೆ ಸಾಕಿತ್ತು, ಹತ್ತು ನಿಮಿಷದ ಕೆಲ್ಸ."

ಅಂಥ ಒಂದು ಯಂತ್ರ ಗಂಟಲಿನ ಆಸ್ಪತ್ರೆಯೊಂದರದು. ಧ್ವನಿಪೆಟ್ಟಿಗೆ ತೆಗೆಯುವ ಮುನ್ನ ರೋಗಿಗಳ ದನಿಯನ್ನು ಅಲ್ಲಿ ಮುದ್ರಿಸಿಡುತ್ತಾರೆ. ಉಳಿದವರ ದನಿಗೆಲ್ಲ ಬೇರೆಡೆ ಪ್ರತಿ ಇತ್ತು. ಹಿಂದಿನ ಸಂಜೆಯಷ್ಟೇ ಮಾತಾಡಿದ್ದ ಬಸ್ ಕಂಡಕ್ಟರ್ ಒಬ್ಬರದ್ದಕ್ಕೆ ಇರಲಿಲ್ಲ. ಪುಟ್ಟ ಮಗಳಿಗೆಂದು ಇಪ್ಪತ್ತು ನಿಮಿಷ ಮಾತಾಡಿದ್ದರಂತೆ. ವಿಷಯ ಗೊತ್ತಾಗುವ ಹೊತ್ತಿಗೆ ಅವರ ಆಪರೇಷನ್ ಮುಗಿದಿತ್ತು.

ಯಾರೂ ಇವರತ್ತ ಬೊಟ್ಟು ಮಾಡಲಿಲ್ಲ. ಆದರೂ ಮನಸ್ಸು ತಡೆಯದೆ ಈಕೆ ವಿಳಾಸ ಹುಡುಕಿಕೊಂಡು ಆ ಮನೆಗೆ ಹೋದರು. ಕಂಡಕ್ಟರ್ ಕಾಗದದ ಮೇಲೆ 'ಕೂತ್ಕೊಳ್ಳಮ್ಮ' ಎಂದು ಬರೆದು ತೋರಿಸಿದರು. ಅವರ ಹೆಂಡತಿಯೇ ಇವರಿಗೆ ಸಮಾಧಾನ ಹೇಳಿದರಂತೆ: "ಅಳ್ಬೇಡಿ. ಮಗಳಿಗೆ ನಾನೇ ಇವ್ರ ಥರ ಕೂಗಿ ತೋರಿಸ್ತೀನಿ, 'ಮುಂದೆ ಹೋಗಿ, ಮುಂದೆ ಜಾಗ ಇದೆ' ಅಂತ. ಅವಳು ನಗ್ತಾಳೆ. ಇವ್ರು ಮಾತ್ರ ತಲೆ ಆಡಿಸ್ತಾರೆ, ಹಾಗಲ್ಲ ಅಂತ."

ಆ ನಲವತ್ತಾರು ಹಳೆಯ ಯಂತ್ರಗಳನ್ನು ಇವರು ಸಾಕಿಕೊಂಡದ್ದು ಅದಾದ ಮೇಲೆ. ಅವೆಲ್ಲ ನೆಟ್ಟಗೆ ಎದ್ದ ಹೊರತು ಈಗ ಏನನ್ನೂ ಹೊರಬಿಡುವುದಿಲ್ಲ, ಮೇಲಿನವರು ಎಷ್ಟೇ ಅವಸರ ಮಾಡಲಿ.

ನಿಮಗೇನು ಆಸೆ ಎಂದು ಕೇಳಿದೆ.

"ಒಂದೇ ಒಂದ್ಸಲ ಅವ್ರ ದನಿ ಕೇಳ್ಬೇಕಿತ್ತು. ನಾನು ಅಳಿಸಿದ್ದು ಹೇಗಿತ್ತು ಅಂತ ನಂಗೇ ಗೊತ್ತಿಲ್ಲ."