ಖಾಲಿ ಉಳಿದ ಹಾಜರಿ ಪುಸ್ತಕ

ಟೈಲರಕ್ಕನಿಗೆ ಕಾಗದ ಕಂಡರೆ ಆಗದು. ಗಂಡ ತೀರಿಕೊಂಡ ಹೊಸದರಲ್ಲಿ ಭಾವ ಬಂದು, ‘ಪಿಂಚಣಿ ಬರುತ್ತೆ, ಇಲ್ಲೊಂದು ಸಹಿ ಹಾಕಮ್ಮ’ ಅಂದಿದ್ದರು. ಪಿಂಚಣಿ ಬರಲಿಲ್ಲ, ಹೊಲ ಹೋಯಿತು. ಅಂದಿನಿಂದ ಅವಳ ಪಾಲಿಗೆ ಪೆನ್ನು ಹಿಡಿದು ಬಂದವರೆಲ್ಲ ಕಳ್ಳರೇ. ತಪ್ಪೆನ್ನಲು ಯಾರಿಗೆ ಬಾಯಿ ಬಂದೀತು, ಹೇಳಿ? ಉಳಿದದ್ದು ರಸ್ತೆ ಬದಿಯ ಪುಟ್ಟ ಅಂಗಡಿ, ಒಂದು ಹೊಲಿಗೆ ಮಿಷನ್ನು. ಇಪ್ಪತ್ತೆರಡು ವರ್ಷ ಅದನ್ನೇ ತುಳಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದಳು.

ಹಳ್ಳಿಯನ್ನು ಪಟ್ಟಣದ ಯೋಜನೆಗೆ ಸೇರಿಸುತ್ತಾರೆ, ಶಾಲೆಯಲ್ಲಿ ಸಭೆಯಿದೆ, ಎಲ್ಲರೂ ಬಂದು ಅಭಿಪ್ರಾಯ ಹೇಳಿ ಎಂದು ಒಂದು ದಿನ ಆಟೋದ ಮೈಕು ಕೂಗಿತು.

‘ನಮ್ಮ ಅಭಿಪ್ರಾಯ ಇವರಿಗ್ಯಾಕಂತೆ?’ ಎಂದು ಟೈಲರಕ್ಕ ಹಲ್ಲಲ್ಲಿ ದಾರ ಕಡಿದಳು.

ಶಾಲೆಯ ಬಾಗಿಲಲ್ಲೇ ಮೇಜು, ಅದರ ಮೇಲೆ ಹಾಜರಿ ಪುಸ್ತಕ. ಟೈಲರಕ್ಕನಿಗೆ ಅಷ್ಟು ಸಾಕಾಯಿತು.

‘ಯಾರೂ ಸಹಿ ಹಾಕ್ಬೇಡಿ. ಇವತ್ತು ಬಂದಿದ್ದೀವಿ ಅಂತ ಹಾಕಿಸ್ಕೋತಾರೆ, ನಾಳೆ ಒಪ್ಪಿದ್ದೀವಿ ಅಂತ ತೋರಿಸ್ತಾರೆ.’

ಪೆನ್ನಿಗೆ ಕೈ ಚಾಚಿದ್ದ ನಾದಿನಿ ಕೈ ಹಿಂದಕ್ಕೆಳೆದುಕೊಂಡಳು. ಊರಿಗೆ ಊರೇ ಪುಸ್ತಕ ಮುಟ್ಟದೆ ಒಳಗೆ ಹೋಯಿತು.

ಒಳಗೆ ಮಾತಿಗೇನು ಬರ? ಟೈಲರಕ್ಕ ಕೊರಳಿನ ಟೇಪು ತೆಗೆದು ಗೋಡೆಯ ನಕ್ಷೆಗೇ ಹಿಡಿದಳು. ಹೊಸ ರಸ್ತೆ ಹೀಗೆ ಬಂದರೆ ತನ್ನ ಅಂಗಡಿ, ನಾದಿನಿಯ ಮನೆ, ಇನ್ನೂ ಒಂಬತ್ತು ಮನೆ ನೆಲಸಮ. ಕೆರೆ ಹಿಂದಿನ ಬಂಡಿ ದಾರಿ ಹಿಡಿದರೆ ಒಂದೂ ಹೋಗದು ಎಂದು ತೋರಿಸಿದಳು.

‘ಹೌದಲ್ಲ,’ ಅಂದ ಎಂಜಿನಿಯರು. ‘ಇದನ್ನೇ ಬರೆದು ಸಹಿ ಮಾಡಿ ಕೊಡಿ ಅಮ್ಮ.’

ಆ ನಯವಿನಯ ಕಂಡು ಅವಳ ಗುಮಾನಿ ಇಮ್ಮಡಿಯಾಯಿತು. ‘ಕಿವಿಯಾರೆ ಕೇಳಿಸ್ಕೊಂಡ್ರಲ್ಲ, ಅಷ್ಟು ಸಾಕು.’ ಸಭೆ ಗೊಳ್ಳೆಂದು ನಕ್ಕಿತು.

ಮೂರು ತಿಂಗಳಲ್ಲಿ ಹನ್ನೊಂದೂ ಗೋಡೆಗಳ ಮೇಲೆ ಕೆಂಪು ಗುರುತು ಬಿತ್ತು. ಟೈಲರಕ್ಕ ಪಟ್ಟಣದ ಕಚೇರಿಗೆ ಓಡಿದಳು. ಆ ಎಂಜಿನಿಯರಿಗೆ ವರ್ಗವಾಗಿತ್ತು. ಗುಮಾಸ್ತ ಕಡತ ಬಿಚ್ಚಿ ಓದಿದ: ‘ಸಭೆಗೆ ಸಾರ್ವಜನಿಕರು ಯಾರೂ ಹಾಜರಾಗಿರುವುದಿಲ್ಲ. ಆಕ್ಷೇಪಣೆಗಳು ಇರುವುದಿಲ್ಲ.’

‘ಇನ್ನೂರು ಜನ ಇದ್ವಲ್ಲ ಸ್ವಾಮಿ.’

‘ಸಹಿ ಎಲ್ಲಿದೆ?’

‘ಕೊಡಿ, ಈಗ ಹಾಕ್ತೀನಿ.’ ಅವಳು ಕೈ ಒಡ್ಡಿಯೇ ನಿಂತಳು. ಗುಮಾಸ್ತ ಕಡತ ಕಟ್ಟಿದ. ‘ಅವಧಿ ಮುಗೀತಮ್ಮ.’

ಸಂಜೆ ಬಸ್ಸಿಳಿದಾಗ ನಾದಿನಿ ಕಾದಿದ್ದಳು. ನಾಚಿಕೆಯಿಂದ ಕುಗ್ಗಿಹೋಗಿದ್ದರೂ ಟೈಲರಕ್ಕ ಒಂದನ್ನೂ ಮುಚ್ಚಿಡದೆ ಹೇಳಿದಳು. ನಾದಿನಿ ಅವಳನ್ನು ಗುಮಾನಿಯಿಂದ ದಿಟ್ಟಿಸಿದಳು.

‘ಅತ್ತಿಗೆ, ನಿಜ ಹೇಳಿ. ಅವತ್ತು ಸಹಿ ಹಾಕ್ಬೇಡಿ ಅಂತ ನಿಮಗೆ ಹೇಳಿಕೊಟ್ಟೋರು ಯಾರು?’