ಹೋಸಿಯತ್ ಅಕ್ಕನ ಶ್ರುತಿ

ಖುಜಂದ್ ಪಟ್ಟಣದ ಮದುವೆಗಳಲ್ಲಿ ಸಿಂಥಸೈಸರ್ ನುಡಿಸಿ ನುಡಿಸಿ ಇಸ್ಮತ್‌ನ ಸೊಂಟ ಬಿದ್ದುಹೋಗಿತ್ತು. ಬೆಳಗಿನ ಜಾವದ ಪೊಲೋವ್ ಎಂಬ ಮಾಂಸದನ್ನದ ಊಟಕ್ಕೂ ಅವನೇ ಬೇಕು, ಸಂಜೆಯ ಕುಣಿತಕ್ಕೂ ಅವನೇ. ಹಾಡುವವಳು ಅವನ ಅಕ್ಕ ಹೋಸಿಯತ್. ರೇಷ್ಮೆ ಕಾರ್ಖಾನೆಯಲ್ಲಿ ನೂಲು ಸುತ್ತುತ್ತಿದ್ದವಳು ಹಾಡಲು ನಿಂತಾಗ ಊರು ಆಡಿಕೊಂಡಿತು. ಆಮೇಲೆ ಅವಳ ಹಾಡಿಲ್ಲದೆ ಅದೇ ಊರಲ್ಲಿ ಮದುಮಗಳು ಹೊಸಿಲು ದಾಟದಂತಾಯಿತು.

ಇಸ್ಮತ್‌ನ ಆ ಸೋವಿಯತ್ ಕಾಲದ ಸಿಂಥಸೈಸರಿಗೆ ಈಗ ಕೊನೆಗಾಲ. ಬಿಸಿಯಾಗುವವರೆಗೆ ಸ್ವರ ನಿಲ್ಲದು, ಬಿಸಿ ಹೆಚ್ಚಾದರೆ ದನಿಯೇ ಹೋಗುತ್ತದೆ. ನಡುವೆ ಸಿಗುವ ಹೊತ್ತು ದಿನೇದಿನೇ ಕಿರಿದಾಗುತ್ತಿತ್ತು. ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಪೂರ್ತಿ ಸಾಯುವ ಮೊದಲು ಅದರ ದನಿಯನ್ನು ತನ್ನ ಹಳೆಯ ಸ್ಯಾಂಪ್ಲರಿನಲ್ಲಿ ಹಿಡಿದಿಡಲು ಇಸ್ಮತ್ ಕೂತಿದ್ದ. ಸ್ಯಾಂಪ್ಲರ್ ಎಂದರೆ ಒಂದು ಸ್ವರವನ್ನು ನುಂಗಿಕೊಂಡು ಬೇಕೆಂದಾಗ ಕಕ್ಕುವ ಪೆಟ್ಟಿಗೆ. ಅದರ ಹೊಟ್ಟೆ ಬೊಗಸೆಯಷ್ಟು.

ಮೊದಲ ದಿನ ಆತುರಪಟ್ಟು ಕೆಟ್ಟ. ಒಂದೇ ಸ್ವರ ಹಿಡಿದು, ಉಳಿದದ್ದನ್ನು ಪೆಟ್ಟಿಗೆಯೇ ಏರಿಸಿ ಇಳಿಸಿ ಕೊಡಲಿ ಎಂದುಕೊಂಡ. ಆದರೆ ಖುಜಂದಿನ ಕಡೆಯ ಹಾಡಿಗೆ ನೋಲಾ ಬೇಕು, ಸ್ವರದೊಳಗೆ ಅಳುವಿನಂಥ ಒಂದು ಅಲೆ. ಪೆಟ್ಟಿಗೆ ಸ್ವರ ಏರಿಸಿದರೆ ಅಲೆ ಓಡುತ್ತದೆ, ಇಳಿಸಿದರೆ ಕಾಲೆಳೆಯುತ್ತದೆ.

“ಮೇಲೆ ಮೇಕೆಮರಿ, ಕೆಳಗೆ ಕುಡುಕ” ಎಂದಳು ಹೋಸಿಯತ್. “ನಡುವೆ ನಾನೆಲ್ಲಿ ನಿಂತು ಹಾಡ್ಲೋ?”

ಹಾಗಾಗಿ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿಯೇ ಹಿಡಿಯಬೇಕಿತ್ತು. ಮಾರ್ದನಿ ಸೇರಿಸುವಂತಿಲ್ಲ. ದನಿಯ ಜೋರು ಅಳೆಯುವ ಮುಳ್ಳು ಕೆಂಪಿನ ಅಂಚು ಮುಟ್ಟುವಷ್ಟು ಜೋರಿರಬೇಕು, ಇಲ್ಲವಾದರೆ ಹಿಂದಿನಿಂದ ಪೆಟ್ಟಿಗೆಯ ಗೊರಗೊರವೂ ಬರುತ್ತದೆ. ಆಮೇಲೆ, ಒತ್ತಿದಷ್ಟು ಹೊತ್ತೂ ಸ್ವರ ಸುತ್ತುತ್ತಿರಲೆಂದು, ಅಲೆಯ ಏರಿಳಿತ ನೋಡಿ ಕತ್ತರಿಸಿ ತುದಿಗೆ ಬುಡ ಜೋಡಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಟಿಕ್ ಟಿಕ್ ಎನ್ನುತ್ತದೆ. ವಾದ್ಯಕ್ಕೆ ಉಸಿರಿರುವಷ್ಟು ಹೊತ್ತಿನಲ್ಲಿ ಐದಾರು ಸ್ವರ ಸಿಕ್ಕರೆ ಹೆಚ್ಚು. ಯಾವ ಐದಾರು ಎನ್ನುವುದೇ ಇಸ್ಮತ್‌ನ ನಿದ್ದೆ ಕೆಡಿಸಿತ್ತು.

ಅಕ್ಕನ ಕಂಠ ವರ್ಷವರ್ಷಕ್ಕೂ ಇಳಿಯುತ್ತಿತ್ತು. ಅವಳಿಗೆ ತಿಳಿಯದಂತೆ ಅವನು ವಾದ್ಯದ ಶ್ರುತಿಯ ಗುಂಡಿಯನ್ನು ಚೂರುಚೂರೇ ಇಳಿಸುತ್ತ ಬಂದಿದ್ದ. ಬೆರಳುಗಳು ಎಂದಿನ ಸ್ವರದ ಮನೆಗಳ ಮೇಲೆಯೇ ಆಡುತ್ತಿದ್ದವು; ತಾನಿನ್ನೂ ಹಳೆಯ ಎತ್ತರದಲ್ಲೇ ಹಾಡುತ್ತಿದ್ದೇನೆಂದು ಅವಳು ನಂಬಿದ್ದಳು. ಜೊತೆಗಿದ್ದದ್ದು ಡೋಯಿರಾ ಒಂದೇ, ಆ ಚರ್ಮವಾದ್ಯಕ್ಕೆ ಶ್ರುತಿಯ ಗೊಡವೆಯಿಲ್ಲ. ಈ ವರ್ಷ ಗುಂಡಿಯೂ ಕೊನೆ ಮುಟ್ಟಿತು. ಇನ್ನು ಇಳಿಯಬೇಕಾದರೆ ಕೆಳಗಿನ ಮನೆಗಳನ್ನೇ ಒತ್ತಿ, ಆ ಸ್ವರಗಳನ್ನೇ ಹಿಡಿಯಬೇಕು.

ಅಂದು ಅವನು ಕೆಳಗಿನ ಮನೆಗೆ ಬೆರಳಿಟ್ಟಾಗ ಹೋಸಿಯತ್ ಹಸಿರು ಚಹಾ ತಂದು ಪಕ್ಕದಲ್ಲೇ ಕೂತಳು.

“ಅಲ್ಯಾಕೆ ಒತ್ತೀಯ? ನನ್ನ ಹಾಡು ಏಳೋದು ಇಲ್ಲಿಂದ” ಎಂದು ಮೇಲಿನ ಮನೆಗೆ ಬೆರಳಿಟ್ಟಳು.

“ಕೆಳಗಿಂದ ಶುರು ಮಾಡೋಣಕ್ಕಾ.”

“ಕೆಳಗಿಂದು ಯಾರಿಗೆ ಬೇಕೋ? ನಿನ್ನ ಗೊರಕೆಗಾ?”

ಅವಳು ತೋರಿಸಿದ್ದನ್ನೇ ಒತ್ತಿ ಕೈತೊಳೆದುಕೊಳ್ಳಬಹುದಿತ್ತು. ಮುಚ್ಚಿಟ್ಟು ಮುಚ್ಚಿಟ್ಟು ಅವನಿಗೆ ಸಾಕಾಗಿತ್ತು, ನಿಜ ಹೇಳಲೂ ತ್ರಾಣವಿರಲಿಲ್ಲ. ಆದರೆ ಈ ಹೊತ್ತು ತಪ್ಪಿದರೆ ಅಕ್ಕನಿಗೆ ಹಾಡಲು ಒಗ್ಗುವ ಒಂದು ಸ್ವರವೂ ಉಳಿಯುವುದಿಲ್ಲ.

“ಅಕ್ಕಾ, ನೀನೀಗ ಆ ಎತ್ತರದಲ್ಲಿ ಹಾಡ್ತಿಲ್ಲ. ಈ ಗುಂಡಿ ನೋಡು. ನಾನೇ ಇಳಿಸ್ತಾ ಬಂದೆ.”

ಕಪಾಳಕ್ಕೆ ಬೀಳುತ್ತದೆಂದು ಅವನು ಮುಖ ಹಿಂದೆಳೆದುಕೊಂಡ. ಅವಳು ಗುಂಡಿಯನ್ನು ಹಳೆಯ ಗುರುತಿಗೆ ತಿರುಗಿಸಿ, ಮೇಲಿನ ಮನೆ ಒತ್ತಿ, ಬಾಯಿ ತೆರೆದಳು. ಅರ್ಧದಲ್ಲೇ ದನಿ ಸೀಳಿತು, ಮುಂದಕ್ಕೆ ಬರಿಯ ಗಾಳಿ. ಮತ್ತೊಮ್ಮೆ ಹಾಡಿ ನೋಡಿದಳು. ಆಮೇಲೆ ಗುಂಡಿಯನ್ನು ತಾನೇ ಕೆಳಗೆ ತಿರುಗಿಸಿದಳು.

“ಯಾವಾಗಿಂದ?”

“ಆರೇಳು ವರ್ಷ ಆಯ್ತು. ನಿನಗೆ ಬೇಜಾರಾಗುತ್ತೆ ಅಂತ...”

“ಒತ್ತು. ವಾದ್ಯ ಬಿಸಿ ಏರ್ತಿದೆ.”

ಇಸ್ಮತ್ ಕೆಳಗಿನ ಮನೆಯನ್ನು ಒತ್ತಿ ಹಿಡಿದ. ಮುಳ್ಳು ಕೆಂಪಿನ ಅಂಚಿಗೆ ಬಂದು ನಿಂತಿತು. ಸ್ವರ ಚೆನ್ನಾಗಿ ಬಂತು, ಆದರೂ ಅವನಿಗೆ ಏನೇನೂ ಸಂತೋಷವಾಗಲಿಲ್ಲ.

“ಬೇಜಾರು ಹಾಳಾಗ್ಲಿ” ಎಂದಳು ಹೋಸಿಯತ್, ಚಹಾ ಮುಟ್ಟದೆ. “ಆ ಮೇಲಿನ ಸ್ವರಾನ ಯಾರ್ದೋ ಮದುವೇಲಿ ಕೊನೇ ಸಲ ಹಾಡಿರ್ತೀನಿ. ಎಲ್ಲೋ ನೋಡ್ತಾ, ಯಾವಾಗ ಮನೆಗೆ ಹೋಗ್ತೀನೋ ಅಂತ ಹಾಡಿರ್ತೀನಿ. ಕೊನೇದು ಅಂತ ಗೊತ್ತಿದ್ದಿದ್ರೆ ಮನಸ್ಸಿಟ್ಟು ಹಾಡ್ತಿದ್ನಲ್ಲೋ.”